ಒಂದು ಕೋಣೆ, ಐದು ತರಗತಿ

ಚಿಕ್ಕಮಗಳೂರಿನಿಂದ ಮುತ್ತೋಡಿ ಕಾಡಿನ ಕಡೆಗೆ ಹೋಗುವ ದಾರಿಯಲ್ಲಿರುವ ಮಲ್ಲಂದೂರು ಮತ್ತು ಅದರ ಸುತ್ತಲಿನ ಕಾಫಿ ಗುಡ್ಡಗಳಲ್ಲಿ ಊರು ಎಂದರೆ ಒತ್ತೊತ್ತಾಗಿ ನಿಂತ ಮನೆಗಳ ಕೇರಿಯಲ್ಲ. ತೋಟದ ನಡುವೆ ಒಂದು ಮನೆ, ಹಳ್ಳ ದಾಟಿದರೆ ಇನ್ನೊಂದು, ಏರಿನ ಮೇಲೆ ಏಳೆಂಟು ಲೈನ್ ಮನೆಗಳು. ಬಯಲುಸೀಮೆಯಲ್ಲಿ ಒಂದೇ ಬೀದಿಯಲ್ಲಿ ಸಿಗುವಷ್ಟು ಮಕ್ಕಳು ಇಲ್ಲಿ ಎರಡು ಮೂರು ಗುಡ್ಡಗಳ ಮೇಲೆ ಚದುರಿ ಹೋಗಿರುತ್ತಾರೆ. ಮಳೆಗಾಲದಲ್ಲಿ ಸಂಕ ದಾಟಿ, ಜಿಗಣೆ ಕಿತ್ತೊಗೆದು, ಒದ್ದೆ ಕೊಡೆಯನ್ನು ಮೂಲೆಯಲ್ಲಿ ನಿಲ್ಲಿಸಿ ತರಗತಿಯೊಳಗೆ ಬರಬೇಕು. ಇಂಥ ಸೀಮೆಯಲ್ಲಿ ಪ್ರಾಥಮಿಕ ಶಾಲೆ ಹುಟ್ಟಿನಿಂದಲೇ ಸಣ್ಣದಾಗಿರುತ್ತದೆ. ಹದಿನೈದು, ಇಪ್ಪತ್ತು, ಹೆಚ್ಚೆಂದರೆ ಮೂವತ್ತು ಮಕ್ಕಳು.

ಮಕ್ಕಳು ಕಡಿಮೆಯಾದರೆ ಪಾಠ ಸುಲಭವಲ್ಲವೇ ಎಂದು ಪೇಟೆಯವರು ಕೇಳಬಹುದು. ತೊಡಕಿರುವುದೇ ಅಲ್ಲಿ. ಇಪ್ಪತ್ತು ಮಕ್ಕಳು ಎಂದರೆ ಒಂದನೇ ತರಗತಿಯಲ್ಲಿ ಮೂವರು, ಎರಡರಲ್ಲಿ ಐವರು, ಮೂರರಲ್ಲಿ ಇಬ್ಬರು, ಹೀಗೆ. ತರಗತಿಗಳು ಮಾತ್ರ ಐದೇ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ 1987ರಲ್ಲಿ ಬಂದ ‘ಆಪರೇಷನ್ ಬ್ಲ್ಯಾಕ್‌ಬೋರ್ಡ್’ ಯೋಜನೆ ಏಕೋಪಾಧ್ಯಾಯ ಶಾಲೆಗಳಿಗೆ ಎರಡನೆಯ ಶಿಕ್ಷಕರನ್ನೂ ಎರಡು ಕೋಣೆಗಳನ್ನೂ ಕೊಡುವ ಮಾತಾಡಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಒಂದರಿಂದ ಐದನೇ ತರಗತಿಯವರೆಗೆ ಅರವತ್ತು ಮಕ್ಕಳ ತನಕ ಇಬ್ಬರು ಶಿಕ್ಷಕರು ಎಂದು ನಿಗದಿ ಮಾಡಿತು. ಅಂದರೆ ಕಾನೂನು ಅಕ್ಷರಶಃ ಪಾಲನೆಯಾದ ದಿನವೂ ಇಬ್ಬರು ಶಿಕ್ಷಕರು ಐದು ತರಗತಿಗಳನ್ನು ಹಂಚಿಕೊಳ್ಳಬೇಕು. ಅವರಲ್ಲೊಬ್ಬರು ತರಬೇತಿಗೋ, ಗಣತಿ ಕೆಲಸಕ್ಕೋ, ಬಿಸಿಯೂಟದ ಲೆಕ್ಕ ಕೊಡಲು ಪೇಟೆಗೋ ಹೋದರೆ ಐದೂ ತರಗತಿಗಳು ಒಬ್ಬರ ತಲೆಗೆ.

ಆಗ ಏಳುವ ಪ್ರಶ್ನೆ ಬಹಳ ಸರಳ. ಟೀಚರು ಮೂರನೇ ತರಗತಿಯವರಿಗೆ ಭಾಗಾಕಾರ ಹೇಳಿಕೊಡುವಾಗ ಉಳಿದ ನಾಲ್ಕು ತರಗತಿಗಳ ಮಕ್ಕಳು ಏನು ಮಾಡಬೇಕು? ಬಹುಪಾಲು ಕಡೆ ಸಿಕ್ಕಿದ ಉತ್ತರ ‘ಕೈಕಟ್ಟಿ ಕೂತಿರಿ’ ಅಥವಾ ‘ಕಾಪಿ ಬರೆಯಿರಿ’ ಎಂಬುದು. ಆರು ವರ್ಷದ ಮಗು ಕೈಕಟ್ಟಿ ಎಷ್ಟು ಹೊತ್ತು ಕೂರಬಲ್ಲದು? ಅದು ಮೊದಲು ಕಿಟಕಿ ನೋಡುತ್ತದೆ, ಆಮೇಲೆ ಪಕ್ಕದವನ ಸ್ಲೇಟು ಎಳೆಯುತ್ತದೆ, ಆಮೇಲೆ ಏಟು ತಿನ್ನುತ್ತದೆ. ಮಕ್ಕಳ ಗಮನ ಹಿಡಿಯುವುದು ಹೇಗೆ ಎಂಬ ಚರ್ಚೆ ಶಿಕ್ಷಕರ ತರಬೇತಿಯಲ್ಲಿ ಸಾಮಾನ್ಯವಾಗಿ ಧ್ವನಿಯ ಏರಿಳಿತ, ಹಾವಭಾವ, ಚಾರ್ಟು, ಕಥೆ ಇವುಗಳ ಸುತ್ತ ಸುತ್ತುತ್ತದೆ. ಇವೆಲ್ಲ ಬೇಕು. ಆದರೆ ಮಲೆನಾಡಿನ ಕೋಣೆಯಲ್ಲಿ ಟೀಚರು ಎಷ್ಟೇ ಚೆನ್ನಾಗಿ ಮಾತಾಡಿದರೂ ಒಂದು ಹೊತ್ತಿಗೆ ಐವರಲ್ಲಿ ಒಬ್ಬರಿಗೆ ಮಾತ್ರ ಮಾತಾಡುತ್ತಿರುತ್ತಾರೆ. ಉಳಿದ ನಾಲ್ವರ ಗಮನವನ್ನು ಹಿಡಿದಿಡಬೇಕಾದದ್ದು ಟೀಚರ ಮಾತಿಗಿಂತ ಬೇರೆಯಾದ ಏನೋ ಒಂದು. ಅದು ಏನು ಎಂಬುದಕ್ಕೆ ಕನ್ನಡ ನಾಡಿನಲ್ಲೇ ಒಂದು ಹಳೆಯ ಉತ್ತರವೂ ಒಂದು ಹೊಸ ಉತ್ತರವೂ ಇವೆ. ಎರಡರ ನಡುವೆ ಲಂಡನ್ನಿಗೆ ಹೋಗಿಬಂದ ಒಂದು ಸುತ್ತು ದಾರಿ ಇದೆ.

ಕಲೆಕ್ಟರ್ ಕಂಡ ಕೂಲಿಮಠ

1822ರಲ್ಲಿ ಮದರಾಸಿನ ಗವರ್ನರ್ ಥಾಮಸ್ ಮನ್ರೋ ತನ್ನ ಆಳ್ವಿಕೆಯ ಪ್ರತಿ ಜಿಲ್ಲೆಯಲ್ಲೂ ಎಷ್ಟು ಶಾಲೆಗಳಿವೆ, ಎಷ್ಟು ಮಕ್ಕಳು ಓದುತ್ತಿದ್ದಾರೆ ಎಂದು ಕಲೆಕ್ಟರುಗಳಿಂದ ವಿವರ ಕೇಳಿದ. ಬಹುತೇಕರು ಅಂಕಿ ತುಂಬಿ ಕಳಿಸಿ ಕೈತೊಳೆದುಕೊಂಡರು. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ ಮಾತ್ರ ಶಾಲೆಯೊಳಗೆ ಏನು ನಡೆಯುತ್ತದೆ ಎಂಬುದನ್ನೂ ಬರೆದ. ತೆಲುಗು ವ್ಯಾಕರಣವೊಂದನ್ನು ರಚಿಸಿದ್ದ ಈತನಿಗೆ ಭಾಷೆಯ ವಿಷಯದಲ್ಲಿ ಆಸಕ್ತಿಯಿತ್ತು. 1823ರ ಆತನ ವರದಿಯ ಪ್ರಕಾರ ಜಿಲ್ಲೆಯಲ್ಲಿ ಇದ್ದದ್ದು 533 ಶಾಲೆಗಳು. ಅವುಗಳಲ್ಲಿ ಕನ್ನಡದವು 235, ತೆಲುಗಿನವು 226. ಮಿಕ್ಕವು ಮರಾಠಿ, ಸಂಸ್ಕೃತ, ಫಾರಸಿ, ತಮಿಳಿನವು, ಒಂದು ಇಂಗ್ಲಿಷಿನದು. ಓದುತ್ತಿದ್ದ ಮಕ್ಕಳು 6,641. ಜಿಲ್ಲೆಯ ಜನಸಂಖ್ಯೆ ಆಗ ಒಂಬತ್ತೂಕಾಲು ಲಕ್ಷಕ್ಕೂ ಹೆಚ್ಚು. ನೂರಕ್ಕೆ ಒಬ್ಬರ ಲೆಕ್ಕವೂ ಬೀಳುವುದಿಲ್ಲ. ಹೆಣ್ಣುಮಕ್ಕಳು ಬರೇ 60. ಗಾಂಧಿವಾದಿ ಚಿಂತಕ ಧರಂಪಾಲ್ ಅವರು 1983ರಲ್ಲಿ ಈ ವರದಿಗಳನ್ನೆಲ್ಲ ಒಟ್ಟುಮಾಡಿ ಅಚ್ಚು ಹಾಕಿಸಿದ ಮೇಲೆ ಹಳೆಯ ಶಾಲೆಗಳನ್ನು ಹಾಡಿ ಹೊಗಳುವವರು ಹೆಚ್ಚಾದರು. ಹೊಗಳುವ ಮುನ್ನ ಈ 60 ಎಂಬ ಅಂಕಿಯನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಕ್ಯಾಂಪ್‌ಬೆಲ್ ಬಣ್ಣಿಸಿದ ಶಾಲೆ ನಮ್ಮ ಅಜ್ಜಂದಿರ ಬಾಯಲ್ಲಿ ಕೂಲಿಮಠ ಎಂದು ಕೇಳಿಬರುವ ಶಾಲೆಯೇ. ಬೆಳಿಗ್ಗೆ ಆರು ಗಂಟೆಗೆ ಆರಂಭ. ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈ ಮೇಲೆ ಗೌರವದ ಗುರುತಾಗಿ ಸರಸ್ವತಿಯ ಹೆಸರು. ಎರಡನೆಯವನ ಅಂಗೈಗೆ ಒಂದು ಸೊನ್ನೆ; ಅವನಿಗೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಬಂದ ಸರದಿಯಂತೆ ಏರುತ್ತ ಹೋಗುತ್ತದೆ. ಸೋಮಾರಿಗೆ ಕೋದಂಡ: ಎರಡೂ ಕೈ ಬಿಗಿದು ಮಾಡಿನಿಂದ ನೇತುಹಾಕುವುದು. ಇಲ್ಲವೇ ಎಡೆಬಿಡದ ಬಸ್ಕಿ.

ಬರೆಯಲು ಮೊದಲು ನೆಲದ ಮೇಲೆ ಹರಡಿದ ಮರಳು, ಬೆರಳೇ ಲೇಖನಿ. ಅದು ಕೈಗೆ ಹತ್ತಿದ ಮೇಲೆ ಓಲೆಗರಿ, ಅಥವಾ ಹಲಗೆ, ಅಥವಾ ಕಡತ. ಹಲಗೆ ಎಂದರೆ ಅನ್ನ ಮತ್ತು ಇದ್ದಿಲ ಪುಡಿ ಸವರಿದ ನಯವಾದ ಮರದ ತುಂಡು. ಕಡತ ಎಂದರೆ ಗಂಜಿ ಹಾಕಿ ಗಡುಸುಮಾಡಿ, ಪುಸ್ತಕದಂತೆ ಮಡಿಸಿ, ಇದ್ದಿಲು ಮತ್ತು ಅಂಟು ಬಳಿದ ಬಟ್ಟೆ. ಇಂದು ಸರ್ಕಾರಿ ಕಚೇರಿಯಲ್ಲಿ ‘ಕಡತ ಮೇಲಕ್ಕೆ ಹೋಗಿದೆ’ ಎನ್ನುವಾಗ ಬಳಸುವ ಮಾತು ಇದೇ. ಶಾಲೆಯ ಕಡತವನ್ನಾದರೂ ಒರೆಸಿ ಮತ್ತೆ ಬರೆಯಬಹುದಿತ್ತು.

ಇಷ್ಟೆಲ್ಲದರ ನಡುವೆ ಕಲೆಕ್ಟರನ ಕಣ್ಣಿಗೆ ಬಿದ್ದ ಮುಖ್ಯ ಸಂಗತಿ ಬೇರೆ. ಈ ಶಾಲೆಗೆ ತರಗತಿವಾರು ಮಾಸ್ತರರಿರಲಿಲ್ಲ. ಇದ್ದವನು ಒಬ್ಬನೇ ಅಯ್ಯ. ಐದು ವರ್ಷದವನೂ ಹನ್ನೆರಡು ವರ್ಷದವನೂ ಒಂದೇ ಜಗಲಿಯಲ್ಲಿ. ಮಕ್ಕಳನ್ನು ಅವರವರ ಕಲಿಕೆಗೆ ತಕ್ಕಂತೆ ಗುಂಪು ಮಾಡಿ, ಮುಂದೆ ಹೋದವರನ್ನು ಅಯ್ಯ ತಾನೇ ನೋಡಿಕೊಂಡು, ಕೆಳಗಿನ ಗುಂಪುಗಳನ್ನು ದೊಡ್ಡ ಹುಡುಗರ ಸುಪರ್ದಿಗೆ ಬಿಡುತ್ತಿದ್ದ. ಮರಳಿನ ಮೇಲೆ ‘ಅ’ ತಿದ್ದಿಸುವವನು ಹಿಂದಿನ ವರ್ಷ ಅದನ್ನೇ ತಿದ್ದಿದ ಹುಡುಗ. ಕಡಿಮೆ ಖರ್ಚಿನಲ್ಲಿ ಬರಹ ಕಲಿಸುವ ಬಗೆಯನ್ನೂ, ಕಲಿಸುತ್ತ ಕಲಿಸುತ್ತ ದೊಡ್ಡವರ ಕಲಿಕೆಯೇ ಗಟ್ಟಿಯಾಗುವುದನ್ನೂ ಕ್ಯಾಂಪ್‌ಬೆಲ್ ಮನಸಾರೆ ಮೆಚ್ಚಿದ. ಇಂಗ್ಲೆಂಡಿನವರು ಇದನ್ನು ಅನುಕರಿಸಿದ್ದು ತಕ್ಕುದೇ ಎಂದೂ ಬರೆದ. ಮೆಚ್ಚದ ಸಂಗತಿಯೂ ಇತ್ತು. ಮಕ್ಕಳು ಉರುಹಚ್ಚುತ್ತಿದ್ದ ಪದ್ಯಗಳ ಭಾಷೆ ಅವರು ಆಡುವ ಭಾಷೆಯಾಗಿರಲಿಲ್ಲ. ಅರ್ಥ ತಿಳಿಯದೆ ಗಿಳಿಪಾಠ ಒಪ್ಪಿಸುತ್ತಿದ್ದರು. ವಿಧಾನ ಒಳ್ಳೆಯದು, ತಿರುಳು ಜೊಳ್ಳು ಎಂಬುದು ಆತನ ತೀರ್ಪಿನ ಸಾರ.

ಇನ್ನೊಂದು ಮಾತನ್ನೂ ಆತ ಬರೆದಿದ್ದಾನೆ. ಶಾಲೆಗಳು ಬಡವಾಗುತ್ತಿರುವುದು ಜನ ಬಡವರಾಗುತ್ತಿರುವುದರಿಂದ. ಇಂಗ್ಲೆಂಡಿನ ಬಟ್ಟೆ ಬಂದು ಇಲ್ಲಿನ ನೇಕಾರರ ಕೈಕೆಲಸ ಹೋಯಿತು. ಎಳೆಯ ಕೈಗೆ ಒಂದಿಷ್ಟು ಬಲ ಬಂದ ಕೂಡಲೇ ಮಗುವನ್ನು ದುಡಿಮೆಗೆ ಕಳಿಸುವುದು ತಾಯ್ತಂದೆಯರಿಗೆ ಅನಿವಾರ್ಯವಾಯಿತು. ಎರಡು ಶತಮಾನ ಹಳೆಯದಾದ ಈ ಮಾತು ತೋಟದ ಸೀಮೆಯಲ್ಲಿ ಓದುವವರಿಗೆ ಅಷ್ಟೇನೂ ಹಳೆಯದೆನಿಸದು.

ಮರಳು ಲಂಡನ್ನಿಗೆ ಹೋದದ್ದು

ಕ್ಯಾಂಪ್‌ಬೆಲ್ ಹೇಳಿದ ಇಂಗ್ಲೆಂಡಿನ ಅನುಕರಣೆಯ ಕಥೆ ಆರಂಭವಾಗುವುದೂ ಮದರಾಸಿನಲ್ಲೇ. 1789ರಲ್ಲಿ ಆಂಡ್ರೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿ ಎಗ್ಮೋರಿನಲ್ಲಿದ್ದ ಸೈನಿಕರ ಅನಾಥ ಗಂಡುಮಕ್ಕಳ ಶಾಲೆಯ ಮೇಲ್ವಿಚಾರಣೆ ವಹಿಸಿಕೊಂಡ. ಸಂಬಳದ ಸಹಾಯಕರಿಂದ ಪಾಠ ಮುಂದೆ ಸಾಗದೆ ಆತ ಬೇಸತ್ತಿದ್ದ. ಒಂದು ದಿನ ಕುದುರೆ ಮೇಲೆ ಹೋಗುವಾಗ ದೇಸಿ ಶಾಲೆಯೊಂದರ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಬರೆಯುತ್ತಿದ್ದುದು ಕಣ್ಣಿಗೆ ಬಿತ್ತು. ಹಿಂದಿರುಗಿ ಬಂದು ತನ್ನ ಶಾಲೆಯಲ್ಲೂ ಹಾಗೇ ಮಾಡಿಸಲು ಹೇಳಿದ. ಸಹಾಯಕರಿಗೆ ಅದು ಒಗ್ಗಲಿಲ್ಲ. ಆಗ ಜಾನ್ ಫ್ರಿಸ್ಕನ್ ಎಂಬ ಎಂಟು ವರ್ಷದ ಹುಡುಗನನ್ನು ಕರೆದು, ಚಿಕ್ಕವರಿಗೆ ಅಕ್ಷರ ಕಲಿಸುವ ಕೆಲಸ ಒಪ್ಪಿಸಿದ. ದೊಡ್ಡವರಿಂದ ಆಗದ್ದು ಆ ಹುಡುಗನಿಂದ ಆಯಿತು. 1796ರಲ್ಲಿ ಊರಿಗೆ ಮರಳಿದ ಬೆಲ್ ಮರುವರ್ಷ ಲಂಡನ್ನಿನಲ್ಲಿ ಈ ಪ್ರಯೋಗದ ವರದಿ ಅಚ್ಚುಮಾಡಿಸಿದ. ‘ಮದರಾಸ್ ಪದ್ಧತಿ’ ಎಂದೇ ಅದಕ್ಕೆ ಹೆಸರಾಯಿತು. ಅದೇ ಕಾಲಕ್ಕೆ ಜೋಸೆಫ್ ಲ್ಯಾಂಕಾಸ್ಟರ್ ಎಂಬಾತನೂ ಲಂಡನ್ನಿನಲ್ಲಿ ಬಡಮಕ್ಕಳಿಗಾಗಿ ಇದೇ ಬಗೆಯ ಶಾಲೆ ನಡೆಸತೊಡಗಿದ. ಮೊದಲು ಕಂಡುಹಿಡಿದವರು ಯಾರು ಎಂದು ಇಬ್ಬರ ಬೆಂಬಲಿಗರೂ ವರ್ಷಗಟ್ಟಲೆ ಜಗಳಾಡಿದರು. ಮರಳಿನ ಮೇಲೆ ಬರೆಯುತ್ತಿದ್ದ ಮದರಾಸಿನ ಮಕ್ಕಳನ್ನು ಆ ಜಗಳದಲ್ಲಿ ಯಾರೂ ಸಾಕ್ಷಿಗೆ ಕರೆಯಲಿಲ್ಲ.

ಇಂಗ್ಲೆಂಡಿನಲ್ಲಿ ಅದು ಕೈಗಾರಿಕಾ ಕ್ರಾಂತಿಯ ಕಾಲ. ಒಂದು ಯಂತ್ರ ನೂರು ಜನರ ಕೆಲಸ ಮಾಡುವುದನ್ನು ನೋಡಿದ ದೇಶಕ್ಕೆ ಒಬ್ಬನೇ ಮಾಸ್ತರ ನೂರಾರು ಮಕ್ಕಳಿಗೆ ಕಲಿಸಬಹುದೆಂಬ ಮಾತು ಬಲು ರುಚಿಸಿತು. ಉಗ್ರಾಣದಂಥ ಹಜಾರಗಳು ಎದ್ದವು. ಉದ್ದುದ್ದ ಬೆಂಚಿನ ಸಾಲು, ಸಾಲಿಗೊಬ್ಬ ಮಾನಿಟರ್, ಸಿಳ್ಳೆಗೆ ಏಳುವುದು, ಸನ್ನೆಗೆ ಕೂರುವುದು. ಮಾನಿಟರ್ ತಾನು ಬೆಳಿಗ್ಗೆ ಬಾಯಿಪಾಠ ಮಾಡಿದ್ದನ್ನು ಕೆಳಗಿನವರ ಬಾಯಿಗೆ ತುರುಕಬೇಕು, ಅಷ್ಟೆ. ಹೊಡೆಯುವುದು ಬೇಡವೆಂದ ಲ್ಯಾಂಕಾಸ್ಟರನ ಶಾಲೆಯಲ್ಲೇ ತಪ್ಪು ಮಾಡಿದವರನ್ನು ಬುಟ್ಟಿಯಲ್ಲಿ ಕೂರಿಸಿ ಸೂರಿಗೆ ನೇತುಹಾಕುತ್ತಿದ್ದರು. ಕೋದಂಡವೂ ಮರಳಿನ ಜೊತೆಗೇ ಹಡಗು ಹತ್ತಿತ್ತೋ ಏನೋ! ಹತ್ತೊಂಬತ್ತನೆಯ ಶತಮಾನದ ನಡುಭಾಗಕ್ಕೆ ಬರುವ ಹೊತ್ತಿಗೆ ಈ ಪದ್ಧತಿಯ ಬಗ್ಗೆ ಅಲ್ಲಿಯವರಿಗೇ ಬೇಸರ ಬಂದು, ಶಿಕ್ಷಕರನ್ನು ಸರಿಯಾಗಿ ತಯಾರು ಮಾಡುವ ಬೇರೆ ವ್ಯವಸ್ಥೆಯ ಕಡೆಗೆ ಹೊರಳಿದರು.

ಎಡವಿದ್ದು ಎಲ್ಲಿ ಎಂಬುದು ಇಂದಿಗೂ ಮುಖ್ಯ. ಹಳ್ಳಿಯ ಜಗಲಿಯಲ್ಲಿ ದೊಡ್ಡ ಹುಡುಗ ಚಿಕ್ಕವನ ಬೆರಳು ಹಿಡಿದು ತಿದ್ದಿಸುವಾಗ ಇಬ್ಬರ ಮಧ್ಯೆ ಒಂದು ಪರಿಚಯವಿತ್ತು, ಅಯ್ಯ ಕೂಗಳತೆಯಲ್ಲಿದ್ದ. ಮುನ್ನೂರು ಮಕ್ಕಳ ಹಜಾರದಲ್ಲಿ ಆ ಪರಿಚಯ ಉಳಿಯಲಿಲ್ಲ. ಮಗುವಿಗೆ ಮಗು ನೆರವಾಗುವುದನ್ನು ಮಾಸ್ತರರ ಸಂಬಳ ಉಳಿಸುವ ಉಪಾಯವಾಗಿ ನೋಡಿದ ಕೂಡಲೇ ಅದು ಕವಾಯತಾಗಿ ಬದಲಾಯಿತು.

ಇತ್ತ ಮೈಸೂರು ಸಂಸ್ಥಾನದಲ್ಲಿ 1868ರಲ್ಲಿ ಬಿ.ಎಲ್. ರೈಸ್ ಅವರ ಹೋಬಳಿ ಶಾಲೆಗಳ ಯೋಜನೆ ಬಂತು. ಸರ್ಕಾರಿ ಶಾಲೆ ಹಳ್ಳಿಗೆ ಹತ್ತಿರವಾಯಿತು. ಕಡೂರು ಜಿಲ್ಲೆ ಎಂದು ಆಗ ಕರೆಸಿಕೊಳ್ಳುತ್ತಿದ್ದ ಇಂದಿನ ಚಿಕ್ಕಮಗಳೂರು ಜಿಲ್ಲೆಯೂ ಆ ಸಂಸ್ಥಾನದ್ದೇ ಭಾಗ. ಕ್ರಮೇಣ ವರ್ಷಕ್ಕೊಂದು ತರಗತಿ, ತರಗತಿಗೊಂದು ಪುಸ್ತಕ, ಪುಸ್ತಕಕ್ಕೊಂದು ಪರೀಕ್ಷೆ, ಪರೀಕ್ಷೆ ಮಾಡಲು ಇನ್‌ಸ್ಪೆಕ್ಟರ್ ಎಂಬ ಕ್ರಮ ಎಲ್ಲೆಡೆ ಬೇರೂರಿತು. ಅದರಿಂದಾದ ಉಪಕಾರ ದೊಡ್ಡದು. ಶಾಲೆಯ ಬಾಗಿಲು ಹೆಚ್ಚು ಜಾತಿಗಳಿಗೆ, ಹೆಣ್ಣುಮಕ್ಕಳಿಗೆ ತೆರೆದದ್ದು ಈ ಹಾದಿಯಲ್ಲೇ. ಆದರೆ ಒಂದು ತರಗತಿಯ ಮಕ್ಕಳೆಲ್ಲ ಒಂದೇ ದಿನ ಒಂದೇ ಪುಟದಲ್ಲಿರುತ್ತಾರೆ ಎಂಬ ಊಹೆಯ ಮೇಲೆ ಈ ಕಟ್ಟಡ ನಿಂತಿದೆ. ಐದು ತರಗತಿಗೆ ಐವರು ಶಿಕ್ಷಕರಿರುವ ಊರಿನಲ್ಲೇ ಈ ಊಹೆ ತೂರಾಡುತ್ತದೆ. ಇಬ್ಬರಿರುವಲ್ಲಿ ಅದು ಬಿದ್ದೇ ಹೋಗುತ್ತದೆ.

ಹೆಗ್ಗಡದೇವನಕೋಟೆಯ ಕಾರ್ಡುಗಳು

ಹೊಸ ಉತ್ತರ ಬಂದದ್ದು ಮೈಸೂರು ಜಿಲ್ಲೆಯ ಇನ್ನೊಂದು ಕಾಡಂಚಿನ ತಾಲ್ಲೂಕಿನಿಂದ. 1995ರಲ್ಲಿ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳ ಕೆಲವು ಶಿಕ್ಷಕರು ಯೂನಿಸೆಫ್ ನೆರವಿನಿಂದ ಒಂದು ಪ್ರಯೋಗಕ್ಕಿಳಿದರು. ಅದಕ್ಕೆ ಪ್ರೇರಣೆ ಆಂಧ್ರದ ಮದನಪಲ್ಲಿ ಬಳಿಯ ಋಷಿವ್ಯಾಲಿ. ಅಲ್ಲಿ ಪದ್ಮನಾಭ ರಾವ್ ಮತ್ತು ರಮಾ ದಂಪತಿ ಸುತ್ತಲಿನ ಹಳ್ಳಿಗಳ ಒಂದೇ ಕೋಣೆಯ ಶಾಲೆಗಳಿಗಾಗಿ ಪಠ್ಯಪುಸ್ತಕವನ್ನು ಸಣ್ಣ ಸಣ್ಣ ಕಾರ್ಡುಗಳಾಗಿ ಬಿಡಿಸಿ ಇಟ್ಟಿದ್ದರು. ಕೋಟೆಯ ಶಿಕ್ಷಕರು ಅದನ್ನು ನೋಡಿ ಬಂದು, ತಮ್ಮ ಮಕ್ಕಳಿಗೆ ಹೊಂದುವಂತೆ ಕನ್ನಡದಲ್ಲಿ ತಾವೇ ಕಾರ್ಡು ಬರೆದರು. ಇದೇ ‘ನಲಿ-ಕಲಿ’. 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳ ಒಂದು ಮತ್ತು ಎರಡನೇ ತರಗತಿಗಳಿಗೆ, ಆಮೇಲೆ ಮೂರನೇ ತರಗತಿಗೂ ಅದು ವಿಸ್ತರಿಸಿತು.

ಹೆಸರಿನಲ್ಲಿ ‘ನಲಿ’ ಇರುವುದರಿಂದ ಇದು ಹಾಡು-ಕುಣಿತದ ಶಾಲೆ ಎಂದು ಭಾವಿಸುವ ಪೋಷಕರು ಬಹಳ. ಹಾಡೂ ಇದೆ, ಕುಣಿತವೂ ಇದೆ. ಆದರೆ ಅದರ ನಿಜವಾದ ಯಂತ್ರಾಂಗ ಗೋಡೆ ಮೇಲಿನ ಕಲಿಕಾ ಏಣಿ. ಕಲಿಯಬೇಕಾದ ಭಾಷೆ, ಗಣಿತ, ಪರಿಸರದ ಪಾಠಗಳನ್ನು ಮೈಲಿಗಲ್ಲುಗಳಾಗಿ, ಪ್ರತಿ ಮೈಲಿಗಲ್ಲನ್ನು ಹಲವು ಮೆಟ್ಟಿಲುಗಳಾಗಿ ಒಡೆದಿರುತ್ತಾರೆ. ಪ್ರತಿ ಮೆಟ್ಟಿಲಿಗೂ ಒಂದು ಕಾರ್ಡು, ಪ್ರತಿ ಕಾರ್ಡಿಗೂ ಒಂದು ಚಿತ್ರದ ಗುರುತು. ಓದಲು ಬಾರದ ಮಗುವೂ ಗುರುತು ನೋಡಿ ತನ್ನ ಮೆಟ್ಟಿಲು ಯಾವುದೆಂದು ಕಂಡುಕೊಂಡು, ತನ್ನ ಕಾರ್ಡನ್ನು ತಾನೇ ಎತ್ತಿಕೊಂಡು ಬರುತ್ತದೆ. ಇಲ್ಲಿಗೆ ಅರ್ಧ ಸಮಸ್ಯೆ ಮುಗಿಯಿತು. ‘ಈಗ ನಾನೇನು ಮಾಡಲಿ’ ಎಂದು ಕೇಳಲು ಅದು ಟೀಚರ ಸೆರಗು ಹಿಡಿದು ನಿಲ್ಲಬೇಕಿಲ್ಲ.

ಮಕ್ಕಳು ಕೂರುವುದು ತರಗತಿಯ ಪ್ರಕಾರವಲ್ಲ. ಆ ದಿನದ ಕಾರ್ಡಿಗೆ ಎಷ್ಟು ನೆರವು ಬೇಕು ಎಂಬುದರ ಪ್ರಕಾರ. ಗುಂಪುಗಳಿಗೆ ‘ತಟ್ಟೆ’ ಎಂದು ಹೆಸರು. ಹೊಸ ಸಂಗತಿಗೆ ಕಾಲಿಡುತ್ತಿರುವವರು ಪೂರ್ತಿ ಶಿಕ್ಷಕರ ನೆರವಿನ ತಟ್ಟೆಯಲ್ಲಿ. ಸ್ವಲ್ಪ ಹಿಡಿತ ಸಿಕ್ಕವರಿಗೆ ಶಿಕ್ಷಕರ ಅರೆ ನೆರವು ಸಾಕು. ಆಮೇಲೆ ಗೆಳೆಯರ ನೆರವು, ಗೆಳೆಯರ ಅರೆ ನೆರವು, ಕೊನೆಗೆ ಸ್ವಂತ ಕಲಿಕೆ. ಟೀಚರು ಹೆಚ್ಚು ಹೊತ್ತು ಕೂರುವುದು ಮೊದಲಿನ ತಟ್ಟೆಗಳ ಬಳಿ. ಕೊನೆಯ ತಟ್ಟೆಗಳಲ್ಲಿ ಮಕ್ಕಳು ತಮ್ಮ ತಮ್ಮಲ್ಲೇ ಗುದ್ದಾಡಿ ಉತ್ತರ ಹುಡುಕುತ್ತಾರೆ. ಕೂಲಿಮಠದ ಜಗಲಿಯನ್ನು ನೆನೆದವರಿಗೆ ಇದು ಅಪರಿಚಿತವೆನಿಸದು. ಒಂದು ದೊಡ್ಡ ವ್ಯತ್ಯಾಸವುಂಟು. ಅಲ್ಲಿ ಕಲಿಸುವವನು ಯಾವಾಗಲೂ ದೊಡ್ಡವನೇ. ಇಲ್ಲಿ ಗಣಿತದಲ್ಲಿ ನೆರವು ಕೇಳಿದ ಹುಡುಗಿ ಕನ್ನಡದಲ್ಲಿ ನೆರವು ಕೊಡುವವಳಾಗಬಹುದು. ಯಾರ ಅಂಗೈ ಮೇಲೂ ಕಾಯಂ ಸೊನ್ನೆಯಿಲ್ಲ.

ಅಕ್ಷರ ಕಲಿಸುವ ಕ್ರಮವನ್ನೂ ನಲಿ-ಕಲಿ ಬದಲಿಸಿತು. ಅ, ಆ, ಇ, ಈ ಎಂದು ವರ್ಣಮಾಲೆಯ ಸರದಿ ಹಿಡಿದರೆ ಮಗು ಹದಿಮೂರು ಸ್ವರ ದಾಟಿ ವ್ಯಂಜನಕ್ಕೆ ಬರುವವರೆಗೆ ಓದಲು ಒಂದು ಪದವೂ ಸಿಗುವುದಿಲ್ಲ. ವರ್ಣಮಾಲೆ ಧ್ವನಿಶಾಸ್ತ್ರದ ಅದ್ಭುತ ಕಟ್ಟಡ, ನಿಜ. ಅದು ಆರು ವರ್ಷದವರಿಗೆಂದು ಕಟ್ಟಿದ್ದಲ್ಲ. ನಲಿ-ಕಲಿ ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ ಆರಂಭಿಸುತ್ತದೆ. ಐದು ಕಲಿತ ದಿನವೇ ಮಗು ಸರ, ರಸ, ದರ, ಅರಸ, ಅಗಸ ಎಂದು ಓದಬಲ್ಲದು. ಮುಂದಿನ ಐದು ಜ, ವ, ಮ, ಬ, ನ. ಆಗ ಮರ, ದನ, ಜನ, ವನ, ಬರ, ಗಜ ಎಲ್ಲವೂ ಕೈಗೆ ಬಂದವು. ಗಮನ ಹಿಡಿಯುವುದು ಎಂದರೆ ಏನೆಂದು ಒಂದೇ ಉದಾಹರಣೆಯಲ್ಲಿ ತೋರಿಸಬೇಕಾದರೆ ಇದನ್ನು ತೋರಿಸಬಹುದು. ಮೊದಲ ವಾರಗಳಲ್ಲೇ ‘ನನಗೆ ಓದಲು ಬಂತು’ ಎಂದು ಅನ್ನಿಸಿದ ಮಗುವನ್ನು ಎಚ್ಚರವಾಗಿಡಲು ಟೀಚರು ಮೇಜು ಕುಟ್ಟಬೇಕಿಲ್ಲ.

ಕೊಯ್ಲಿನ ತಿಂಗಳುಗಳು

ಏಣಿಯ ನಿಜವಾದ ಬೆಲೆ ಗೊತ್ತಾಗುವುದು ಕಾಫಿ ಕೊಯ್ಲಿನ ಕಾಲದಲ್ಲಿ. ಅರೇಬಿಕಾ ನವೆಂಬರಿನಿಂದ ಹಣ್ಣಾಗುತ್ತದೆ. ಅದು ಮುಗಿಯುವ ಹೊತ್ತಿಗೆ ರೊಬಸ್ಟಾ, ಫೆಬ್ರುವರಿ ಮಾರ್ಚಿನವರೆಗೂ. ಶಾಲಾ ವರ್ಷದ ನಟ್ಟನಡುವಿನಿಂದ ಪರೀಕ್ಷೆಯ ಬಾಗಿಲ ತನಕ ತೋಟದಲ್ಲಿ ಕೆಲಸ ಬಿಡುವಿಲ್ಲ. ಕೊಯ್ಲಿಗೆಂದು ಕುಟುಂಬಗಳು ಒಂದು ತೋಟದಿಂದ ಇನ್ನೊಂದಕ್ಕೆ, ಒಂದು ಜಿಲ್ಲೆಯಿಂದ ಇನ್ನೊಂದಕ್ಕೆ ಹೋಗುತ್ತವೆ. ಅಪ್ಪ ಅಮ್ಮ ಇಬ್ಬರೂ ಕೊಯ್ಯಲು ಹೋದರೆ ತೊಟ್ಟಿಲ ಕೂಸನ್ನು ನೋಡಿಕೊಳ್ಳಲು ಎಂಟು ವರ್ಷದ ಅಕ್ಕ ಮನೆಯಲ್ಲೇ ಉಳಿಯುತ್ತಾಳೆ. ಮೂರು ವಾರ ಬಿಟ್ಟು ಅವಳು ಶಾಲೆಗೆ ಬಂದಾಗ ಪುಸ್ತಕ ಹನ್ನೆರಡನೇ ಪಾಠಕ್ಕೆ ಹೋಗಿರುತ್ತದೆ, ಅವಳು ಒಂಬತ್ತರಲ್ಲಿರುತ್ತಾಳೆ. ಆ ಮೂರು ಪಾಠಗಳ ಕಂದಕದಲ್ಲಿ ಬಿದ್ದ ಮಕ್ಕಳೇ ನಿಧಾನವಾಗಿ ಹಿಂದಿನ ಬೆಂಚಿಗೆ, ಅಲ್ಲಿಂದ ಹಾಜರಿ ಪುಸ್ತಕದ ಹೊರಗೆ ಸರಿಯುತ್ತಾರೆ. ಏಣಿಯಿರುವ ಕೋಣೆಯಲ್ಲಿ ಅವಳು ಬಿಟ್ಟುಹೋದ ಮೆಟ್ಟಿಲು ಅಲ್ಲೇ ಇರುತ್ತದೆ. ಬಂದವಳು ಒಂಬತ್ತನೆಯ ಕಾರ್ಡು ಎತ್ತಿಕೊಳ್ಳುತ್ತಾಳೆ.

ಭಾಷೆಯದು ಇನ್ನೊಂದು ತೊಡಕು. ಲೈನ್ ಮನೆಗಳಲ್ಲಿ ತಮಿಳು, ತುಳು, ಲಂಬಾಣಿ ಮಾತಾಡುವ ಮನೆಗಳು ಹಿಂದಿನಿಂದ ಇವೆ. ಈಚಿನ ವರ್ಷಗಳಲ್ಲಿ ಅಸ್ಸಾಮಿನ ಕಡೆಯಿಂದ ಬಂದವರೂ ಸೇರಿದ್ದಾರೆ. ಕನ್ನಡ ಬಾರದ ಮಗು ತರಗತಿಯಲ್ಲಿ ತಿಂಗಳುಗಟ್ಟಲೆ ಬಾಯಿ ಬಿಡುವುದಿಲ್ಲ. ಹಾಜರಿ ಕೂಗಿದಾಗಿನ ‘ಎಸ್ ಮಿಸ್’ ಒಂದೇ ಅದರ ಮಾತು. ಇಂಥ ಮಗುವಿಗೆ ಟೀಚರ ವಿವರಣೆ ಎಷ್ಟು ಸ್ಪಷ್ಟವಾದರೂ ಒಂದೇ. ಅದರ ಮಾತೂ ಗೊತ್ತಿದ್ದು ಕನ್ನಡವೂ ಗೊತ್ತಿರುವ ಮೂರನೇ ತರಗತಿಯ ಹುಡುಗನೇ ಅದಕ್ಕೆ ದುಭಾಷಿ. ಬೇರೆ ಬೇರೆ ತರಗತಿಯವರು ಒಂದೇ ಕೋಣೆಯಲ್ಲಿರುವುದು ಇಲ್ಲಿ ಕೊರತೆಯಾಗದೆ ಅನುಕೂಲವಾಗಿ ಒದಗುತ್ತದೆ.

ಕಾಫಿ ಬೆಳೆಯುವ ಬೆಟ್ಟಗಳಲ್ಲಿ ಇದೇ ತೊಂದರೆಯನ್ನು ಇದೇ ಬಗೆಯಲ್ಲಿ ಬಿಡಿಸಿದ ಇನ್ನೊಂದು ದೇಶವುಂಟು. ದಕ್ಷಿಣ ಅಮೆರಿಕದ ಕೊಲಂಬಿಯಾದಲ್ಲಿ 1975ರ ಸುಮಾರಿಗೆ ವಿಕಿ ಕೋಲ್ಬರ್ಟ್ ಮತ್ತು ಅವರ ಸಂಗಾತಿಗಳು ಹಳ್ಳಿಯ ಬಹುತರಗತಿ ಶಾಲೆಗಳಿಗಾಗಿ ‘ಎಸ್ಕುವೆಲಾ ನುಯೆವಾ’, ಅಂದರೆ ಹೊಸ ಶಾಲೆ, ಎಂಬ ಪದ್ಧತಿ ರೂಪಿಸಿದರು. ಅಲ್ಲಿಯೂ ಮಗು ತನ್ನ ವೇಗದಲ್ಲಿ ಸಾಗುವ ಕಲಿಕಾ ಕೈಪಿಡಿಗಳು, ಸಣ್ಣ ಗುಂಪುಗಳು, ಸುಗ್ಗಿಗೆ ಹೋಗಿ ಬಂದವರಿಗೆ ಬಿಟ್ಟಲ್ಲಿಂದ ಮುಂದುವರಿಯುವ ಅವಕಾಶ. ಕಾಲ್ಡಾಸ್ ಎಂಬ ಕಾಫಿ ಪ್ರಾಂತದಲ್ಲಿ ಅದಕ್ಕೆ ಬೆನ್ನೆಲುಬಾಗಿ ನಿಂತದ್ದು ಅಲ್ಲಿನ ಕಾಫಿ ಬೆಳೆಗಾರರ ಸಮಿತಿ. ನಮ್ಮಲ್ಲಿ 1951ರ ತೋಟ ಕಾರ್ಮಿಕರ ಕಾಯ್ದೆ ಆರರಿಂದ ಹನ್ನೆರಡು ವರ್ಷದ ಇಪ್ಪತ್ತೈದಕ್ಕಿಂತ ಹೆಚ್ಚು ಕಾರ್ಮಿಕ ಮಕ್ಕಳಿರುವ ತೋಟಗಳ ಮಾಲೀಕರು ಶಿಕ್ಷಣ ಸೌಲಭ್ಯ ಒದಗಿಸುವಂತೆ ನಿಯಮ ಮಾಡುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿತ್ತು. ಕಟ್ಟಡ, ಜಾಗ ಕೊಟ್ಟ ಉದಾರಿಗಳು ಮಲೆನಾಡಿನಲ್ಲಿ ಕಡಿಮೆಯೇನಿಲ್ಲ. ಶಾಲೆಯೊಳಗೆ ಪಾಠ ಹೇಗೆ ನಡೆಯಬೇಕು ಎಂಬುದರ ಮೇಲೆ ಬೆಳೆಗಾರರ ಸಂಘಟನೆಗಳು ಹಣ ಹೂಡುವುದು ಮಾತ್ರ ಇಲ್ಲಿ ರೂಢಿಗೆ ಬಂದಿಲ್ಲ. ಕೊಲಂಬಿಯಾದ ಕಾಫಿ ಬೆಲೆಯನ್ನು ದಿನವೂ ವಿಚಾರಿಸುವವರು ಅಲ್ಲಿನ ಶಾಲೆಯನ್ನೂ ಒಮ್ಮೆ ವಿಚಾರಿಸಬಹುದು.

ಹಾಗೆಂದು ನಲಿ-ಕಲಿ ಎಲ್ಲೆಡೆ ನಲಿಯುತ್ತಿದೆ ಎನ್ನುವಂತಿಲ್ಲ. ಶಿಕ್ಷಕರ ದೂರುಗಳು ಹಲವು, ಹೆಚ್ಚಿನವು ನಿಜ. ತುಂಬಬೇಕಾದ ಪ್ರಗತಿ ದಾಖಲೆಗಳು ಬಹಳ. ಮೂವತ್ತು ಮಕ್ಕಳಿಗೆ ಹೊಂದುವ ವಿಧಾನ ಐವತ್ತಾದಾಗ ಏದುಸಿರು ಬಿಡುತ್ತದೆ. ತಾಲ್ಲೂಕಿನ ಶಿಕ್ಷಕರು ತಾವೇ ಬರೆದ ಕಾರ್ಡು ಒಂದು ಬಗೆ, ಇಡೀ ರಾಜ್ಯಕ್ಕೆ ಅಚ್ಚಾಗಿ ಬಂದ ಕಾರ್ಡು ಇನ್ನೊಂದು ಬಗೆ. ಮೊದಲನೆಯದರಲ್ಲಿ ಟೀಚರ ಕೈಯಿತ್ತು. ಪದ್ಧತಿಯ ಒಳಗುಟ್ಟು ತಿಳಿಯದವರ ಕೈಯಲ್ಲಿ ಏಣಿ ಬರೀ ಗೋಡೆಯ ಅಲಂಕಾರ. ಕಾರ್ಡು ಹಂಚಿಬಿಟ್ಟು ಕುರ್ಚಿಯಲ್ಲಿ ಕೂತರೆ ಬೆಲ್ ಮತ್ತು ಲ್ಯಾಂಕಾಸ್ಟರರ ಹಜಾರವೇ ಸಣ್ಣ ರೂಪದಲ್ಲಿ ಮರಳಿ ಬಂದಂತೆ. ಗೆಳೆಯರ ತಟ್ಟೆಯಲ್ಲಿ ಏನು ನಡೆಯುತ್ತಿದೆ ಎಂಬುದರ ಮೇಲೆ ಒಂದು ಕಿವಿ ಇಟ್ಟೇ ಟೀಚರು ಇನ್ನೊಂದು ತಟ್ಟೆಯಲ್ಲಿ ಕೂತಿರಬೇಕಾಗುತ್ತದೆ. ಇದು ಹಳೆಯ ಪಾಠಕ್ರಮಕ್ಕಿಂತ ದಣಿವಿನ ಕೆಲಸವೇ ಹೊರತು ಹಗುರವಾದದ್ದಲ್ಲ.

ದೊಡ್ಡ ಕಂದಕ ನಾಲ್ಕನೇ ತರಗತಿಯ ಹೊಸ್ತಿಲಲ್ಲಿದೆ. ಮೂರು ವರ್ಷ ನೆಲದ ಮೇಲೆ ಗುಂಪಾಗಿ ಕೂತು, ತನ್ನ ಕಾರ್ಡು ತಾನೇ ಎತ್ತಿಕೊಂಡು ಕಲಿತ ಮಗು ಒಂದು ಜೂನ್ ತಿಂಗಳಲ್ಲಿ ಇದ್ದಕ್ಕಿದ್ದಂತೆ ಬೆಂಚಿನ ಮೇಲೆ, ಪುಸ್ತಕದ ಮುಂದೆ, ಕರಿಹಲಗೆಗೆ ಮುಖ ಮಾಡಿ ಕೂರಬೇಕು. ಪಕ್ಕದಲ್ಲೇ ಐದನೇ ತರಗತಿ. ಇಬ್ಬರಿಗೂ ಒಬ್ಬರೇ ಟೀಚರು. ಅಂದರೆ ‘ಉಳಿದವರು ಏನು ಮಾಡಬೇಕು’ ಎಂಬ ಆ ಹಳೆಯ ಪ್ರಶ್ನೆ ಇಲ್ಲಿ ಮತ್ತೆ ಎದುರಾಗುತ್ತದೆ, ಅದಕ್ಕೆ ಅಚ್ಚಾದ ಕಾರ್ಡಿಲ್ಲ. ಉಪಾಯವಿರುವ ಶಿಕ್ಷಕರು ಸುತ್ತಲಿನ ಬದುಕಿನಿಂದಲೇ ಕೆಲಸ ಹುಡುಕಬಲ್ಲರು. ಮಲೆನಾಡಿನಲ್ಲಿ ಮಳೆಯನ್ನು ಇಂಚು ಮತ್ತು ಸೆಂಟಿನಲ್ಲಿ ಎಣಿಸುತ್ತಾರೆ. ನೂರು ಸೆಂಟಿಗೆ ಒಂದು ಇಂಚು. ತೋಟದ ಕಚೇರಿಗಳಲ್ಲಿ ಮಳೆಮಾಪಕ ಇರುತ್ತದೆ, ಮಾರ್ಚ್ ಏಪ್ರಿಲಿನ ಹೂಮಳೆ ಎಷ್ಟು ಬಿತ್ತು ಎಂಬುದು ಮನೆಮನೆಯ ಮಾತು. ನಲಿ-ಕಲಿಯ ಚಿಕ್ಕವರು ಹವಾಮಾನದ ಚಾರ್ಟಿನಲ್ಲಿ ಕೊಡೆಯ ಚಿತ್ರ ಸಿಕ್ಕಿಸುವಾಗ, ನಾಲ್ಕನೆಯವರು ನಿನ್ನೆಯ ಎಂಬತ್ತು ಸೆಂಟಿಗೆ ಇಂದಿನ ಅರವತ್ತೈದು ಕೂಡಿಸಿ ಒಂದು ಇಂಚು ನಲವತ್ತೈದು ಸೆಂಟು ಎನ್ನಬಹುದು. ಐದನೆಯವರು ಅದನ್ನು ದಶಮಾಂಶದಲ್ಲಿ 1.45 ಎಂದು ಬರೆದು, 25.4ರಿಂದ ಗುಣಿಸಿ ಪತ್ರಿಕೆಯಲ್ಲಿ ಬರುವ ಮಿಲಿಮೀಟರಿಗೆ ತಿರುಗಿಸಬಹುದು. ಒಂದೇ ಮಳೆ, ಮೂರು ಪಾಠ, ಯಾರೂ ಕೈಕಟ್ಟಿ ಕೂರಬೇಕಿಲ್ಲ. ಕಾಫಿ ತೂಕದ ಕಿಲೋ, ಕೂಲಿಯ ಲೆಕ್ಕ, ಬಸ್ಸಿನ ವೇಳಾಪಟ್ಟಿ ಇವೂ ಹೀಗೇ ಒದಗುತ್ತವೆ.

ಪೇಟೆಯ ಇಂಗ್ಲಿಷ್ ಶಾಲೆಯ ವ್ಯಾನು ಗುಡ್ಡದ ತಿರುವಿನವರೆಗೂ ಬರತೊಡಗಿದ ಮೇಲೆ ಅನುಕೂಲಸ್ಥರ ಮಕ್ಕಳು ಅದನ್ನು ಹತ್ತಿದ್ದಾರೆ. ಸಣ್ಣ ಶಾಲೆಯಲ್ಲಿ ಉಳಿದವರು ಬಹುಪಾಲು ವ್ಯಾನಿನ ಬಾಡಿಗೆ ಕೊಡಲಾಗದವರು. ಮಕ್ಕಳ ಸಂಖ್ಯೆ ಹತ್ತಕ್ಕಿಂತ ಕೆಳಗಿಳಿದ ಶಾಲೆಗಳನ್ನು ಹತ್ತಿರದ ಶಾಲೆಯೊಂದಿಗೆ ವಿಲೀನ ಮಾಡುವ ಮಾತು ಆಗಾಗ ಏಳುತ್ತದೆ. ನಕ್ಷೆಯ ಮೇಲಿನ ‘ಹತ್ತಿರ’ಕ್ಕೂ ಜುಲೈ ತಿಂಗಳ ಹಳ್ಳದ ದಾರಿಯ ‘ಹತ್ತಿರ’ಕ್ಕೂ ಇರುವ ಅಂತರ ಆರು ವರ್ಷದ ಕಾಲಿಗೆ ಮಾತ್ರ ಗೊತ್ತು. ಸಣ್ಣ ಶಾಲೆ ಎಂಬ ಒಂದೇ ಕಾರಣಕ್ಕೆ ಅದು ಕೆಟ್ಟ ಶಾಲೆ ಎಂಬ ನಂಬಿಕೆ ಕಚೇರಿಯಲ್ಲೂ ಇದೆ, ಪೋಷಕರಲ್ಲೂ ಇದೆ. ಬಳ್ಳಾರಿಯ ಜಗಲಿಯಿಂದ ಹೆಗ್ಗಡದೇವನಕೋಟೆಯ ತಟ್ಟೆಯವರೆಗಿನ ಚರಿತ್ರೆ ಆ ನಂಬಿಕೆಯನ್ನು ಒಪ್ಪುವುದಿಲ್ಲ.

ಸದ್ಯಕ್ಕೆ ಗುಡ್ಡದ ಶಾಲೆಗಳ ಟೀಚರುಗಳಿಗೆ ಇದಕ್ಕಿಂತ ಹತ್ತಿರದ ಚಿಂತೆ ಥಂಡಿಯದು. ಮಲೆನಾಡಿನ ಮಳೆಗಾಲದಲ್ಲಿ ರಟ್ಟಿನ ಕಾರ್ಡು ಬೂಷ್ಟು ಹಿಡಿಯುತ್ತದೆ, ಅಂಚು ಬಿಚ್ಚಿಕೊಳ್ಳುತ್ತದೆ. ಒಂದು ಕಾರ್ಡು ಹೋದರೆ ಏಣಿಯ ಒಂದು ಮೆಟ್ಟಿಲೇ ಹೋದಂತೆ. ಆ ಮೆಟ್ಟಿಲಿಗೆ ಬಂದ ಮಗು ಅಲ್ಲೇ ನಿಲ್ಲುತ್ತದೆ. ಅದಕ್ಕೇ ಮದುವೆ ಕಾಲದಲ್ಲಿ ಮನೆಗೆ ಬಂದ ಲಗ್ನಪತ್ರಿಕೆಗಳನ್ನು ಎಸೆಯದೆ ಎತ್ತಿಡುವ ರೂಢಿ ಶಿಕ್ಷಕಿಯರಲ್ಲಿದೆ. ರಟ್ಟು ದಪ್ಪ, ಹಿಂಬದಿ ಖಾಲಿ. ಅದರ ಮೇಲೆ ಸ್ಕೆಚ್ ಪೆನ್ನಿನಿಂದ ದೊಡ್ಡದಾಗಿ ಮರ, ದನ, ಜನ ಎಂದು ಬರೆದು, ಮೇಲೆ ಚಿತ್ರದ ಗುರುತು ಹಾಕಿ, ಕಳೆದುಹೋದ ಕಾರ್ಡಿನ ಜಾಗದಲ್ಲಿ ಇಡುತ್ತಾರೆ.